ನೆಗ್ಗು ತೆಗೆಯುವ ಬೀರಯ್ಯ ಹಾಕಬೇಕಾದ ಒಂದು ನೆಗ್ಗು

ಭಾದ್ರಪದದ ಮಳೆ ಎರಡು ದಿನದಿಂದ ಬಿಡುವು ಕೊಟ್ಟಿದೆ. ನಜರ್‌ಬಾದಿನ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮನೆಗೆ ಆತುಕೊಂಡ ತಗಡಿನ ಶೆಡ್ಡಿನಲ್ಲಿ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಬೀರಯ್ಯ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಎದುರಿಗೆ ಗೋಣಿಚೀಲದ ಮೇಲೆ ಹಳೆಯ ಅಂಬಾಸಿಡರ್ ಕಾರಿನ ಎಡಗಡೆಯ ಮಡ್‌ಗಾರ್ಡ್ ಮಲಗಿದೆ. ಕೈಯಲ್ಲಿ ಮರದ ಸುತ್ತಿಗೆ. ಅದನ್ನು ಎತ್ತುತ್ತಾರೆ, ಒಂದು ಗಳಿಗೆ ಗಾಳಿಯಲ್ಲೇ ಹಿಡಿಯುತ್ತಾರೆ, ಹೊಡೆಯದೆ ಇಳಿಸುತ್ತಾರೆ.

"ನೆಗ್ಗು ತಗ್ಯೋದು ಗೊತ್ತು ಸಾರ್. ಆಕೋದು ಎಂಗೆ ಅಂತ ತಿಳೀತಿಲ್ಲ" ಎನ್ನುತ್ತಾರೆ.

ಬೀರಯ್ಯ ಟಿಂಕರಿಂಗ್ ಕೆಲಸದವರು. ಗುದ್ದಿಸಿಕೊಂಡು ಬಂದ ಕಾರಿನ ತಗಡನ್ನು ಬಡಿದು ಮೊದಲಿನಂತೆ ಮಾಡುವುದು ಅವರ ಕಸುಬು. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಅಪ್ಪನಿಗೆ ಕುರಿಮಂದೆ ಇತ್ತು. ಉಣ್ಣೆ ಕತ್ತರಿಸುವ ಮೊದಲು ಕುರಿಯ ಮೈಮೇಲೆ ಅಂಗೈ ಆಡಿಸಿ ಗಾಯ, ಗಂಟು ಹುಡುಕುವುದನ್ನು ಅಪ್ಪನಿಂದ ಕಲಿತರು. ಮೈಸೂರಿಗೆ ಬಂದು ಗ್ಯಾರೇಜು ಸೇರಿದ ಮೇಲೆ ಅದೇ ಅಂಗೈಯನ್ನು ಕಾರಿನ ಮೈಮೇಲೆ ಆಡಿಸಿದರು. ಕಣ್ಣಿಗೆ ಕಾಣದ ಏರುತಗ್ಗು ಕೈಗೆ ಸಿಗುತ್ತದೆ. ತಗಡಿನ ಒಂದು ಬದಿಗೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು, ಇನ್ನೊಂದು ಬದಿಯಿಂದ ಮೆಲ್ಲಗೆ ಬಡಿಯುತ್ತ ಹೋದರೆ ತಗಡು ಸಮವಾಗುತ್ತದೆ. ಬಡಿದ ಸದ್ದಿಗೆ ಬಲಗಿವಿ ಈಗ ಮಂದ. ಯಾರಾದರೂ ಮಾತಾಡಿಸಿದರೆ ಎಡಗಿವಿ ಕೊಡುತ್ತಾರೆ.

ಕೆಲಸವೂ ಕಡಿಮೆಯಾಗಿದೆ. "ಈಗಿನ ಕಾರಿಗೆ ಏಟು ಬಿದ್ರೆ ಯಾರೂ ಬಡ್ಸಲ್ಲ. ಬಿಚ್ಚಿ ಬಿಸಾಕಿ ಒಸಾದು ಆಕಿಸ್ಕೊತಾರೆ. ತಗಡ್ಗೆ ಬುದ್ಧಿ ಏಳ್ಕೊಡೋ ಕಾಲ ಓಯ್ತು." ಉಳಿದಿರುವುದು ಹಳೆಯ ಕಾರುಗಳು. ವರ್ಷಕ್ಕೆ ಎರಡೋ ಮೂರೋ ಬರುತ್ತವೆ. ಶೆಡ್ಡಿನಲ್ಲಿ ಒಂದು ಕಾರಿಗಷ್ಟೇ ಜಾಗ. ಅದು ಬಂದರೆ ಹೆಂಡತಿ ಚಾಮುಂಡಮ್ಮನವರ ಬಟ್ಟೆ ಒಣಹಾಕುವ ಹಗ್ಗ ಬೀದಿಗೆ ಹೋಗುತ್ತದೆ.

ಈ ಅಂಬಾಸಿಡರ್ ಒಂಟಿಕೊಪ್ಪಲಿನ ವಾಗೀಶ ಅವರ ಮನೆಯದು. ವಾಗೀಶ ಹೇಳಿದ್ದು ಇಷ್ಟು: ಹೊರಗೆ ಎಲ್ಲ ಹಳೆಯ ಕಾಲದಂತೆಯೇ ಕಾಣಬೇಕು, ಒಳಗೆ ಎಲ್ಲ ಹೊಸದಾಗಬೇಕು. ಎ.ಸಿ., ಪವರ್ ಸ್ಟೀರಿಂಗ್, ಸೀಟ್ ಬೆಲ್ಟು. ಅಲ್ಲಿಂದಲೇ ಬೀರಯ್ಯನವರಿಗೆ ಗೊಂದಲ ಹಿಡಿಯಿತು. ಎ.ಸಿ.ಯ ಪೈಪಿಗೆ ತಗಡು ಕೊರೆದರೆ ಅದು ಹಳೆಯದೋ ಹೊಸದೋ? ಬಾಗಿಲಿನ ತುಕ್ಕು ಕತ್ತರಿಸಿ ಬೇರೆ ತಗಡು ಬೆಸುಗೆ ಹಾಕಿದರೆ? ಒಂದೊಂದಕ್ಕೂ ಕೇಳಿದರು. ಎಡ ಮಡ್‌ಗಾರ್ಡಿನ ನೆಗ್ಗನ್ನು ಮಾತ್ರ ಕೇಳಲಿಲ್ಲ. ಟಿಂಕರ್ ಮನೆಗೆ ಬಂದ ನೆಗ್ಗನ್ನು ತೆಗೆಯಲೋ ಬೇಡವೋ ಎಂದು ಯಾರು ಕೇಳುತ್ತಾರೆ?

"ರೇಡಿಯೋ ಆಕ್ಕೊಂಡು ಕೂತಿದ್ದೆ. ಕೈ ಅದರ ಪಾಡಿಗೆ ಅದು ತಗ್ದಾಕ್ಬುಡ್ತು."

ಕೆಲಸ ನೋಡಲು ವಾಗೀಶ ಅವರ ತಾಯಿ ರಮಾಮಣಿ ಒಂದು ದಿನ ಆಟೊದಲ್ಲಿ ಬಂದರು. ಎಂಬತ್ತರ ಹತ್ತಿರದ ವಯಸ್ಸು. ನೇರ ಎಡಗಡೆಗೆ ಹೋಗಿ ಬೆರಳಿನಿಂದ ಸವರಿದರು. ಮತ್ತೆ ಸವರಿದರು.

"ಇಲ್ಲಿದ್ದಿದ್ದು ಎಲ್ಲಪ್ಪಾ?"

"ತಗ್ದ್ಬುಟ್ಟಿವ್ನಿ ಅಮ್ಮಾವ್ರೆ. ಎಂಗೆ, ಕನ್ನಡಿ ಆದಂಗಾಗಿಲ್ವಾ?"

ಆಕೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಗಂಡ ರಾಮಸ್ವಾಮಿಯವರೇ ಆಕೆಗೆ ಕಾರು ಓಡಿಸಲು ಕಲಿಸಿದ್ದರಂತೆ. ಮೊದಲ ಸಲ ಒಬ್ಬರೇ ಓಡಿಸಿಕೊಂಡು ಹೋಗಿ, ಮಾರುಕಟ್ಟೆಯ ಗದ್ದಲವನ್ನೆಲ್ಲ ದಾಟಿ ಬಂದು, ಮನೆಯ ಗೇಟಿನ ಕಲ್ಲುಕಂಬಕ್ಕೆ ಗುದ್ದಿಸಿದರಂತೆ. ಯಜಮಾನರು ನಕ್ಕು, ಅದನ್ನು ಸರಿಮಾಡಿಸಲು ಬಿಡಲಿಲ್ಲ. ಅಂದಿನಿಂದ ಪ್ರತಿ ಆಯುಧಪೂಜೆಗೂ ಬಾನೆಟ್ಟಿಗೆ ಮನೆಯವರು ಕುಂಕುಮ ಇಟ್ಟರೆ, ರಮಾಮಣಿಯವರ ಬೊಟ್ಟು ಆ ನೆಗ್ಗಿನೊಳಗೆ. ಯಜಮಾನರು ತೀರಿಕೊಂಡ ವರ್ಷವೂ ಇಟ್ಟಿದ್ದಾರೆ.

"ಅದು ಕಾರಿಗೆ ಆದ ಏಟಲ್ಲ ಬೀರಯ್ಯ, ಅದು ನಾನು ಓಡಿಸಿದ್ದು. ಹಬ್ಬಕ್ಕೆ ಮೊದಲು ವಾಪಸ್ ಹಾಕಿಕೊಡೋಕೆ ಆಗುತ್ತಾ?"

ವಾಗೀಶ ಫೋನಿನಲ್ಲಿ, "ಅಮ್ಮ ಹೇಳ್ತಾರೆ, ನೀವು ತಲೆಗೆ ಹಚ್ಚಿಕೋಬೇಡಿ, ಸ್ಮೂತ್ ಇರಲಿ" ಎಂದರು. ಮರುದಿನ ತಾವೇ ಫೋನು ಮಾಡಿ, "ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ, ಏನಾದರೂ ನೋಡಿ" ಎಂದರು.

ಬೀರಯ್ಯ ನೋಡಿದರು. ಮೂರು ಸಲ ಬಡಿದರು. ಮೂರು ಸಲವೂ ರಮಾಮಣಿ ಬಂದು ಕಣ್ಣುಮುಚ್ಚಿ ಬೆರಳು ಆಡಿಸಿದರು. "ಇದು ತುಂಬಾ ದುಂಡಗಾಯ್ತು, ಒಳ್ಳೇ ಬಟ್ಟಲು ಇದ್ದ ಹಾಗಿದೆ. ನಾನು ಅಷ್ಟು ನಾಜೂಕಾಗಿ ಗುದ್ದಿರಲಿಲ್ಲ ಕಣಪ್ಪ." ಪ್ರತಿ ಸಲವೂ ಬೀರಯ್ಯ ತಗಡನ್ನು ಸಮ ಮಾಡಿ ಮೊದಲಿಗೆ ಬಂದರು. ಸಮ ಮಾಡುವುದು ಅರ್ಧ ಗಂಟೆಯ ಕೆಲಸ. ಕೆಡಿಸಲು ಕೈ ಒಪ್ಪುತ್ತಿಲ್ಲ.

ಈಗ ಅವರಿಗೆ ಎಲ್ಲದರ ಮೇಲೂ ಅನುಮಾನ. ಮೊನ್ನೆ ಪಕ್ಕದ ಬೀದಿಯವರ ಸ್ಕೂಟರಿನ ಗೀರು ಕಂಡು, "ಇದು ಇರ್ಬೇಕಾ, ಓಗ್ಬೇಕಾ?" ಎಂದು ಕೇಳಿ ಬೈಸಿಕೊಂಡರು.

ಕಾಫಿ ತಂದಿಟ್ಟ ಚಾಮುಂಡಮ್ಮ ಗಂಡನ ಎಡಗಿವಿಯ ಕಡೆ ಬಂದು ನಿಲ್ಲುತ್ತಾರೆ. "ಇಷ್ಟು ವರ್ಸ ತಗ್ದು ತಗ್ದು ಈಗ ಒಂದು ಆಕಕ್ಕಾಗಲ್ವಾ ನಿಂಗೆ? ನಂಗೆ ಕೊಡು, ಒನಕೆ ತಗೊಂಡು ಒಂದು ಬುಡ್ತೀನಿ."

"ಸುಮ್ಕಿರಮ್ಮಿ. ಕಲ್ಲು ಆಕಿದ್ದು ಅದು. ನನ್ ಕೈಗೆ ಎಂಗೆ ಬಂದದು?"

"ಅಂಗಾರೆ ಓಗಿ ಆ ಕಲ್ಲನ್ನೇ ಕೇಳು!"

ಚಾಮುಂಡಮ್ಮ ಅಣಕಿಸಿ ಒಳಗೆ ಹೋಗುತ್ತಾರೆ. ಬೀರಯ್ಯ ಕಾಫಿ ಲೋಟ ಹಿಡಿದು ಹಾಗೇ ಕೂರುತ್ತಾರೆ. ಕಾಫಿ ಕೆನೆಗಟ್ಟುತ್ತದೆ. ಆಮೇಲೆ ಎದ್ದು, ಮಡ್‌ಗಾರ್ಡನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಗೂಡ್ಸ್ ಆಟೊ ಕರೆಯುತ್ತಾರೆ.

ಒಂಟಿಕೊಪ್ಪಲಿನ ಮನೆಯ ಕಂಬ ಇನ್ನೂ ಅದೇ. ಅದರ ಒಂದು ಅಂಚಿನಲ್ಲಿ ಚಕ್ಕೆ ಎದ್ದಿದೆ. ಬೀರಯ್ಯ ಆ ಅಂಚನ್ನು ಅಂಗೈಯಿಂದ ಸವರುತ್ತಾರೆ. ಮಡ್‌ಗಾರ್ಡಿನ ಹೊರಮೈಯನ್ನು ಅದಕ್ಕೆ ಒತ್ತಿ ಹಿಡಿಯಲು ವಾಗೀಶರನ್ನು ಕರೆಯುತ್ತಾರೆ. ಕಬ್ಬಿಣದ ಡಾಲಿ ಚೀಲದಲ್ಲೇ ಉಳಿಯುತ್ತದೆ, ಇವತ್ತು ಕಲ್ಲೇ ಡಾಲಿ. ಒಳಬದಿಯಿಂದ ಸುತ್ತಿಗೆ ಬೀಳುತ್ತದೆ. ಮೆಟ್ಟಿಲ ಮೇಲೆ ನಿಂತ ರಮಾಮಣಿ, "ಜೋರಾಗಿ ಬೀರಯ್ಯ! ನಾನು ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ತುಳಿದಿದ್ದೆ!" ಎಂದು ಕೂಗುತ್ತಾರೆ. ವಾಗೀಶರಿಗೆ ನಗು ತಡೆಯಲಾಗದೆ ಮಡ್‌ಗಾರ್ಡ್ ಜಾರುತ್ತದೆ. ಆ ಜಾರಿಕೆಯಲ್ಲೇ ಬಿದ್ದ ಏಟು ಓರೆಯಾಗಿ, ಒಂದು ಕಡೆ ಆಳ, ಒಂದು ಕಡೆ ಗೀರು.

ರಮಾಮಣಿ ಇಳಿದು ಬಂದು ಕಣ್ಣುಮುಚ್ಚಿ ಬೆರಳಿಡುತ್ತಾರೆ. ಆಳದಿಂದ ಗೀರಿನವರೆಗೆ ಸವರುತ್ತಾರೆ. ಬೆರಳನ್ನು ತೆಗೆಯುವುದೇ ಇಲ್ಲ.

ಆಯುಧಪೂಜೆಯ ಬೆಳಿಗ್ಗೆ ಅದೇ ಗೇಟಿನೊಳಗೆ ಕೆನೆಬಣ್ಣದ ಅಂಬಾಸಿಡರ್ ಬಾಳೆಕಂದು ಕಟ್ಟಿಕೊಂಡು ನಿಂತಿದೆ. ಉಳಿದ ಕೆಲಸದ ಹಣವನ್ನು ವಾಗೀಶ ಚುಕ್ತಾ ಮಾಡಿದ್ದಾರೆ. ನೆಗ್ಗಿನೊಳಗೆ ಬೊಟ್ಟು ಇಟ್ಟ ರಮಾಮಣಿ, ಬೆರಳಿಗೆ ಕುಂಕುಮ ಅಂಟಿದ್ದಂತೆಯೇ, ದೂರ ನಿಂತ ಬೀರಯ್ಯನವರನ್ನು ಹತ್ತಿರ ಕರೆಯುತ್ತಾರೆ.

"ಈ ನೆಗ್ಗಿನದು ಬಿಲ್ಲಿನಲ್ಲಿ ಬಂದಿಲ್ಲ. ಏನು ಕೊಡಲಿ?"

"ಅದೇ ಗೊತ್ತಾಯ್ತಿಲ್ಲ ಅಮ್ಮಾವ್ರೆ. ತಗ್ದಿದ್ದಕ್ಕೆ ತಕೊಂಡಿವ್ನಿ. ಆಕಿದ್ದಕ್ಕೂ ತಕೊಂಡ್ರೆ ಎಂಗೆ? ನೀವೇ ಒಂದು ರೇಟು ಏಳಿ."

ಆಕೆ ನೆಗ್ಗನ್ನು ನೋಡುತ್ತಾರೆ. ಲೆಕ್ಕ ಹಾಕಿ ಸೋತವರಂತೆ ತಲೆ ಆಡಿಸುತ್ತಾರೆ.

"ನಂಗೂ ತಿಳೀತಿಲ್ಲ ಕಣಪ್ಪ. ಬರೋ ವರ್ಷ ಪೂಜೆ ಹೊತ್ತಿಗೆ ಯೋಚಿಸಿ ಇಟ್ಟಿರ್ತೀನಿ, ಬಾ."

"ಬತ್ತೀನಿ ಅಮ್ಮಾವ್ರೆ" ಎನ್ನುತ್ತಾರೆ ಬೀರಯ್ಯ. "ಸಾಲ ಅಂಗೇ ಇರ್ಲಿ. ನೀವೂ ಇರಿ."