ಏಳು ತುಂಬಿತೋ, ಎಂಟಕ್ಕೆ ಬಿದ್ದಿತೋ

ಬಸುರಿ ಸಿಟ್ಟು ಮಾಡಿಕೊಳ್ಳಬಾರದು, ಹೊಟ್ಟೆಯೊಳಗಿನ ಕೂಸಿಗೆ ತಗಲುತ್ತದೆ ಎನ್ನುತ್ತಾರೆ. ಅದು ನಿಜವಾಗಿದ್ದರೆ ನನ್ನ ಮಗಳು ಕಣ್ಣು ಕೆಂಪಗೆ ಮಾಡಿಕೊಂಡೇ ಹುಟ್ಟಬೇಕಿತ್ತು. ಅವಳು ನೋಡಿದರೆ ತಣ್ಣಗಿನ ಹುಡುಗಿ. ಸಿಟ್ಟೆಲ್ಲ ನನ್ನೊಳಗೇ ಉಳಿದಿರಬೇಕು. ಅವಳಿಗೆ ಮದುವೆಯಾದರೂ ಅದು ಖಾಲಿಯಾಗಿಲ್ಲ.

ಸಿಟ್ಟಿನ ಮೂಲ ಕೇಳಿ. ನಾನು ಭರಮಸಾಗರದ ಸೊಸೆ, ಮತ್ತೋಡಿನ ಮಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದರಲ್ಲಿ ಎರಡೂ ಮನೆಯವರಿಗೆ ಒಮ್ಮತವಿತ್ತು. ಮಗಳನ್ನು ಏಳನೆಯ ತಿಂಗಳಲ್ಲಿ ಕರೆದೊಯ್ಯಬಹುದು, ಒಂಬತ್ತರಲ್ಲಿ ಕರೆದೊಯ್ಯಬಹುದು, ಎಂಟರಲ್ಲಿ ಮಾತ್ರ ಹೊಸಿಲು ದಾಟಿಸಕೂಡದು ಎಂಬುದರಲ್ಲೂ ಒಮ್ಮತವಿತ್ತು. ಎಂಟು ಏನು ಪಾಪ ಮಾಡಿದೆ ಎಂದು ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ‘ಎಂಟು ಬ್ಯಾಡ ಬಿಡು’ ಎಂದು ಮಾತು ತೇಲಿಸುತ್ತಿದ್ದರು.

ಆ ದಿನಗಳಲ್ಲಿ ನನಗೆ ಮುಖವಿತ್ತೆಂಬುದೇ ಜನರಿಗೆ ಮರೆತುಹೋಗಿತ್ತು. ಎಲ್ಲರೂ ನನ್ನ ಹೊಟ್ಟೆಯನ್ನು ನೋಡಿಕೊಂಡೇ ಮಾತಾಡುತ್ತಿದ್ದರು. ಹೂವಿನವಳು ಮಾರು ಹಾಕುತ್ತ ಹೊಟ್ಟೆ ನೋಡುವಳು, ಪಕ್ಕದ ಮನೆಯ ಮುದುಕಿ ಕೇಳದೆ ಮುಟ್ಟಿಯೇ ನೋಡುವಳು. ಗಂಡೋ ಹೆಣ್ಣೋ ಎಂದು ಬೀದಿಯಲ್ಲೇ ತೀರ್ಪು ಕೊಡುವರು. ಮತ್ತೋಡಿನ ನಮ್ಮ ಮನೆಯಲ್ಲಿ ಕುರಿಗಳಿದ್ದವು. ಗಬ್ಬದ ಕುರಿಯನ್ನು ಅಪ್ಪ ಒಂದು ಸಲ ನೋಡಿ ಸುಮ್ಮನಾಗುತ್ತಿದ್ದ, ಅದರ ಪಾಡಿಗೆ ಅದನ್ನು ಮೇಯಲು ಬಿಡುತ್ತಿದ್ದ. ಆ ಮರ್ಯಾದೆ ನನಗೆ ಸಿಗಲಿಲ್ಲ.

ಒಂದು ಬೆಳಿಗ್ಗೆ ಅವ್ವ ಮಡಿಲಕ್ಕಿ ಕಟ್ಟಿಕೊಂಡು ಬಂದಳು. ಅಟ್ಟದ ಮೇಲಿದ್ದ ತೊಟ್ಟಿಲನ್ನು ಇಳಿಸಿ ತೊಳೆದದ್ದು, ತನ್ನ ಹಳೆಯ ಸೀರೆಗಳನ್ನು ಬಿಸಿನೀರಿನಲ್ಲಿ ಕುದಿಸಿ, ಹರಿದು, ಕೂಸಿನ ಬಟ್ಟೆ ಮಾಡಿದ್ದು, ಬಜೆ ಸುಟ್ಟು ಡಬ್ಬಿಯಲ್ಲಿಟ್ಟದ್ದು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ನನಗೆ ಅಲ್ಲೇ ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಬೇಕೆನಿಸಿತು. ನನಗೆ ಹೆರಿಗೆಯ ಭಯವಿತ್ತು. ಆ ಹೊತ್ತಿನಲ್ಲಿ ಅವ್ವ ಪಕ್ಕದಲ್ಲಿರಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

‘ಏಳು ತುಂಬೈತೆ, ಕರ್ಕೊಂಡ್ ಹೋಗ್ತೀನ್ರಿ’ ಎಂದಳು ಅವ್ವ.

ನಮ್ಮತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. ‘ಎಂಟಕ್ಕೆ ಬಿದ್ದೈತಲ್ರೀ ಬೀಗ್ತಿ, ಹೆಂಗ್ ಕಳ್ಸಾದು?’

‘ಏಳು ತುಂಬೈತೆ ಅಂದೆ ನಾನು.’

‘ಎಂಟಕ್ಕೆ ಬಿದ್ದೈತೆ ಅಂದೆ ನಾನು.’

ಇಬ್ಬರೂ ಹೇಳುತ್ತಿದ್ದದ್ದು ಒಂದೇ ಎಂದು ನಿಮಗೆ ಗೊತ್ತಾಯಿತು. ಅವರಿಗೆ ಗೊತ್ತಾಗಲಿಲ್ಲ. ನಮ್ಮವ್ವ ಮುಗಿದ ತಿಂಗಳನ್ನು ಎಣಿಸುವವಳು, ಅತ್ತೆ ಹಿಡಿದ ತಿಂಗಳನ್ನು ಎಣಿಸುವವರು. ನಮ್ಮ ಭಾಷೆಯಲ್ಲಿ ವಯಸ್ಸೂ ಹೀಗೆಯೇ, ಒಬ್ಬರ ಬಾಯಲ್ಲಿ ತುಂಬುತ್ತದೆ, ಇನ್ನೊಬ್ಬರ ಬಾಯಲ್ಲಿ ಬೀಳುತ್ತದೆ. ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಊರಿನ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದವರು. ಈಗಲಾದರೂ ಬಾಯಿ ಬಿಟ್ಟಾರು ಎಂದು ಅವರ ಕಡೆ ನೋಡಿದೆ. ಅವರು ಕನ್ನಡಕ ಒರೆಸಿಕೊಂಡು, ‘ನಮ್ಮ ಕೆರೆ ನೋಡ್ರಿ, ತುಂಬೋದೂ ಕೋಡಿ ಬೀಳೋದೂ ಒಂದೇ ಗಳಿಗೆ. ಇಬ್ರೂ ಹೇಳಾದು ಸರಿನೇ’ ಎಂದರು. ಎಷ್ಟು ಚಂದದ ಮಾತು! ಅಂಥ ಚಂದದ ಮಾತಾಡಿ ಅವರು ಶಾಲೆಗೆ ಹೋದರು. ಅವ್ವ ಮಡಿಲಕ್ಕಿಯನ್ನು ನನ್ನ ಸೆರಗಿಗೆ ಸುರಿದು, ಕಣ್ಣೊರೆಸಿಕೊಂಡು ಒಬ್ಬಳೇ ವಾಪಸು ಹೋದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮುಂದಿನ ತಿಂಗಳು ಅತ್ತೆಯೇ, ‘ಒಂಬತ್ತಕ್ಕೆ ಬಿತ್ತು, ಇನ್ನ ಕರ್ಕೊಂಡ್ ಹೋಗ್ಲಿ’ ಎಂದು ಮಗನನ್ನು ಮತ್ತೋಡಿಗೆ ಅಟ್ಟಿದರು. ನನ್ನ ಗಂಡ ಒಬ್ಬರೇ ಹಿಂದಿರುಗಿದರು. ಅವ್ವ ಹೇಳಿ ಕಳಿಸಿದ್ದಳು: ‘ಈಗ ಎಂಟು ತುಂಬೈತೆ. ಎಂಟು ಅಂದ್ರೆ ಎಂಟೇ. ಒಂಬತ್ತು ತುಂಬ್ಲಿ, ಬತ್ತೀನಿ.’

ಒಂಬತ್ತು ತುಂಬಿದ ಮೇಲೆ ಅವಳು ಬಂದು ಮಾಡುವುದೇನು, ಮೊಮ್ಮಗುವಿಗೆ ಹಲೋ ಹೇಳುವುದೇ? ಅವ್ವನ ಮಾತಿನಲ್ಲಿ ಶಾಸ್ತ್ರ ಎಷ್ಟಿತ್ತೋ ಹೋದ ಸಲದ ಅವಮಾನ ಎಷ್ಟಿತ್ತೋ. ಜಗತ್ತಿನ ಬಸುರಿಯರಿಗೆಲ್ಲ ಎಂಟನೆಯ ತಿಂಗಳು ಒಂದೇ ತಿಂಗಳು ಇರುತ್ತದೆ. ನನಗೆ ಇಬ್ಬರು ತಾಯಂದಿರು ಸೇರಿ ಎರಡು ತಿಂಗಳು ಮಾಡಿಕೊಟ್ಟರು. ಅಂದು ನಾನು ಹಿತ್ತಿಲಲ್ಲಿ ಬಟ್ಟೆಯನ್ನು ಒಗೆಯಲಿಲ್ಲ, ಕಲ್ಲಿಗೆ ಬಡಿದೆ. ಗಂಡನ ಅಂಗಿಯ ಗುಂಡಿ ಒಂದೂ ಉಳಿಯಲಿಲ್ಲ.

ಮಾರನೆಯ ದಿನ ಅವರು ಶಾಲೆಗೆ ಹೋದ ಮೇಲೆ ಚೀಲ ಹಿಡಿದು ಹೊರಗೆ ಬಂದೆ. ‘ನಾನು ಮತ್ತೋಡಿಗೆ ಹೋಗ್ತೀನಿ’ ಎಂದೆ.

‘ಕರಿಯಾಕ್ ಬರದೆ ತವರಿಗೆ ಹೋಗ್ತಾರೇನೇ?’ ಎಂದರು ಅತ್ತೆ.

‘ನಾನು ಹೋಗ್ತೀನಿ.’

ಅತ್ತೆ ಮೊದಲ ಸಲ ಹೊಟ್ಟೆ ಬಿಟ್ಟು ನನ್ನ ಮುಖ ನೋಡಿದರು. ಒಳಗೆ ಹೋಗಿ ಮೊಸರನ್ನದ ಗಂಟು ಕಟ್ಟಿ ತಂದು ಚೀಲಕ್ಕೆ ತುರುಕಿದರು. ‘ಡ್ರೈವರಿಗೆ ನಿಧಾನ ಹೊಡಿ ಅನ್ನು’ ಎಂದವರು ತಿರುಗಿ ನೋಡದೆ ಒಳಗೆ ಹೋದರು.

ಚಿತ್ರದುರ್ಗದಲ್ಲಿ ಇಳಿದು ಹೊಳಲ್ಕೆರೆ ಮೇಲೆ ಹೋಗುವ ಹೊಸದುರ್ಗದ ಬಸ್ಸು ಹತ್ತಿದೆ. ಹೆಂಗಸರು ಜಾಗ ಬಿಟ್ಟುಕೊಟ್ಟು, ಎಷ್ಟಕ್ಕೆ ಬಿದ್ದೈತೆ ಎಂದು ಹೊಟ್ಟೆಯನ್ನು ವಿಚಾರಿಸಿಕೊಂಡರು. ಹಲ್ಲು ಕಚ್ಚಿಕೊಂಡು ಕುಳಿತೆ. ಆಗ ಕಂಡಕ್ಟರ್ ಬಂದ. ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡಿದ್ದ ನಡುವಯಸ್ಸಿನ ಮನುಷ್ಯ.

‘ಎಲ್ಲಿಗ್ ಹೋಗ್ಬೇಕಮ್ಮ?’

ಉತ್ತರ ಹೇಳಲು ಬಾಯಿ ತೆರೆದರೆ ಅಳು ಬಂತು. ಅಷ್ಟೂ ತಿಂಗಳಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ಅವನಿಗೆ ಪಾಪ ಗಾಬರಿ. ‘ಅಳಬ್ಯಾಡ್ರಿ, ಎಲ್ಲಿಗಂತ ಹೇಳ್ರಿ, ಕೊಡ್ತೀನಿ’ ಎಂದ. ಹೇಳಿದೆ. ಯಾವ ತಿಂಗಳು, ಯಾರು ಕರೆದರು ಎಂದು ಕೇಳದೆ ಟಿಕೆಟ್ಟು ಹರಿದುಕೊಟ್ಟು ಮುಂದೆ ಹೋದ.

ಬಾಗಿಲಲ್ಲಿ ನನ್ನನ್ನು ಕಂಡು ಅವ್ವ, ‘ಅಯ್ಯೋ, ಎಂಟರಾಗೆ ಬಂದ್ಯಲ್ಲೇ’ ಎಂದು ಬೈಯುತ್ತಲೇ ಕಾಲಿಗೆ ನೀರು ಕೊಟ್ಟಳು. ಮಗಳು ಸುಖವಾಗಿ ಹುಟ್ಟಿದಳು, ಅವ್ವನ ಕೈ ಹಿಡಿದುಕೊಂಡೇ ಹೆತ್ತೆ.

ಈಗ ಆ ಮಗಳು ಬಸುರಿ, ಇರುವುದು ಹಿರಿಯೂರಿನಲ್ಲಿ. ನಮ್ಮ ಬೀದಿಯವರು ಆಗಲೇ ತುಂಬಿತೋ ಬಿದ್ದಿತೋ ಎಂದು ಶುರು ಮಾಡಿದ್ದಾರೆ. ನಾನು ತೊಟ್ಟಿಲು ತೊಳೆಸಿ, ಹಳೆಯ ಸೀರೆಗಳನ್ನೆಲ್ಲ ಕುದಿಸಿ ಹರಿದಿಟ್ಟು, ಬಹಳ ದೊಡ್ಡ ಮನಸ್ಸು ಮಾಡಿ ಅವಳಿಗೆ ಫೋನು ಮಾಡಿದೆ. ತಿಂಗಳ ಮಾತೇ ಎತ್ತಲಿಲ್ಲ. ‘ಹೆರಿಗೆಗೆ ಎಲ್ಲಿಗ್ ಹೋಗ್ಬೇಕು ಅಂತಿದೀಯವ್ವ?’ ಎಂದು ಕೇಳಿದೆ.

‘ಎಲ್ಲಿಗೂ ಇಲ್ಲಮ್ಮ. ಇಲ್ಲೇ, ನನ್ನ ಮನೇಲೇ ಇರ್ತೀನಿ’ ಎಂದಳು, ಅದೇ ತಣ್ಣಗಿನ ದನಿಯಲ್ಲಿ.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ತವರು ಬೇಡವಾಯಿತೇ, ಈ ತೊಟ್ಟಿಲನ್ನೇನು ಮಾಡಲಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಎಲ್ಲಿಗೆ ಎಂದು ಕೇಳಿದ ಮೇಲೆ ಅವರು ಹೇಳಿದ ಊರಿಗೇ ಟಿಕೆಟ್ಟು ಹರಿಯಬೇಕು. ನಾಳೆ ಹಿರಿಯೂರಿನ ಬಸ್ಸಿಗೆ ಹೊರಟಿದ್ದೇನೆ, ತೊಟ್ಟಿಲನ್ನು ಟಾಪಿನ ಮೇಲೆ ಹಾಕಿಸಿಕೊಂಡು.