ಕೂಗದೇ ಇದ್ದ ಡಬ್ಬಿ

ಸುರಕ್ಷತಾ ಸಾಧನವನ್ನು ನಂಬಿದವನಿಗೆ ಕೇಡಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರು ನಮ್ಮ ಕಂಪನಿಯ ಮಾರಾಟ ವಿಭಾಗದವರು; ವಯಸ್ಸು ಇಪ್ಪತ್ತೊಂಬತ್ತು.

1998ರಲ್ಲಿ ನಾನು ಡಚ್ಚರ ನಾಡಿನ ಹೂಫ್‌ಡಾರ್ಪ್‌ನ ಸಣ್ಣ ಸೆನ್ಸರ್ ಕಂಪನಿಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದೆ. ಹಾಲಿನ ಟ್ಯಾಂಕು, ಬಣ್ಣದ ಪೀಪಾಯಿಗಳ ಮಟ್ಟ ಅಳೆಯುವುದು ನಮ್ಮ ಕುಲಕಸುಬು. ಅದರ ಜೊತೆಗೆ ಕ್ರೀಡಾ ಶೂಟರ್‌ಗಳಿಗಾಗಿ ‘ಪೌಡರ್ ಚೆಕ್’ ಎಂಬ ಬೆಂಕಿಪೊಟ್ಟಣದ ಗಾತ್ರದ ಡಬ್ಬಿಯೊಂದನ್ನೂ ಮಾಡುತ್ತಿದ್ದೆವು. ಪರವಾನಗಿ ಇರುವ ಶೂಟರ್‌ಗಳು ಹಾರಿಸಿ ಬರಿದಾದ ಕಾಡತೂಸಿನ ಹಿತ್ತಾಳೆ ಕೇಸುಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುತ್ತಾರೆ. ಕೈಯಂತ್ರದ ಹಿಡಿ ಎಳೆದು, ಯಂತ್ರದ ನಾಲ್ಕು ಗುಳಿಗಳಲ್ಲಿ ಕೇಸನ್ನು ಪಗಡೆಯಂತೆ ಒಂದೊಂದೇ ಮನೆ ಮುಂದಕ್ಕೆ ಸರಿಸುವುದು. ಮೊದಲ ಮನೆಯಲ್ಲಿ ತಳಕ್ಕೆ ಕಿಡಿ ಹೊತ್ತಿಸುವ ಕ್ಯಾಪು ಕೂರುತ್ತದೆ, ಎರಡನೆಯದರಲ್ಲಿ ಮದ್ದು ಬೀಳುತ್ತದೆ. ಮೂರನೆಯದರಲ್ಲಿ ನಮ್ಮ ಡಬ್ಬಿಯ ಕಡ್ಡಿ ಇಳಿದು ಮದ್ದನ್ನು ಮುಟ್ಟಿ ನೋಡುತ್ತದೆ. ಹೆಚ್ಚು ಕಡಿಮೆ ಇದ್ದರೆ ಕೂಗುತ್ತದೆ. ನಾಲ್ಕನೆಯದರಲ್ಲಿ ಮೇಲೆ ಗುಂಡು ಕೂರುತ್ತದೆ.

ಮದ್ದಿಲ್ಲದ ಕಾಡತೂಸು ಹಾರುವುದಿಲ್ಲ ಎಂದು ನಾನು ತಿಳಿದಿದ್ದೆ. ಅರ್ಧ ಹಾರುತ್ತದಂತೆ. ತಳದ ಕ್ಯಾಪಿನ ಕಿಡಿಗೇ ಗುಂಡು ನಳಿಗೆಯ ನಡುವಿನವರೆಗೆ ಹೋಗಿ ಕೂತುಬಿಡುತ್ತದೆ. ಗಮನಿಸದೆ ಮುಂದಿನದನ್ನು ಹಾರಿಸಿದರೆ ನಳಿಗೆ ಕೈಯಲ್ಲೇ ಸೀಳುತ್ತದೆ.

ಹಾರ್ಲೆಮ್‌ನಿಂದ ಅಂಥದೇ ದೂರು ಬಂತು. ಕೊಟ್ಟವರು ಪೂವಯ್ಯ, ಕೊಡಗಿನವರು, ವಿಮಾನ ದುರಸ್ತಿಯಲ್ಲಿ ಮೆಕ್ಯಾನಿಕ್. ಗಿರಾಕಿ ಕನ್ನಡಿಗ, ಎಂಜಿನಿಯರ್ ಕನ್ನಡಿಗ. ಬೈಗುಳ ಏನಿದ್ದರೂ ಅವರವರಲ್ಲೇ ಮುಗಿಯಲಿ ಎಂದು ಮ್ಯಾನೇಜರ್ ನನ್ನನ್ನೇ ಕಳಿಸಿದ. ಆಯುಧಪೂಜೆಯಲ್ಲಿ ಸ್ಕ್ರೂಡ್ರೈವರಿಗೆ ಹೂವಿಟ್ಟದ್ದೇ ನನ್ನ ಶಸ್ತ್ರಾನುಭವ.

“ನಿಮ್ಮ ಡಬ್ಬಿ ಕೂಗಲಿಲ್ಲ ಮಾರಾಯ್ರೇ,” ಎಂದರು ಪೂವಯ್ಯ, ಬಾಗಿಲಲ್ಲೇ. “ಪ್ರಾಕ್ಟೀಸಲ್ಲಿ ಟುಸ್ ಅಂತು. ನಾನು ನಿಧಾನಕ್ಕೆ ಹೊಡೀತಿದ್ದೆ, ಗೊತ್ತಾಯ್ತು. ಶನಿವಾರ ನನ್ನ ಮಗಳು ಇದೇ ಬ್ಯಾಚ್ ಹೊಡಿಯೋದು. ಹತ್ತು ಸೆಕೆಂಡಿಗೆ ಐದು. ಅವಳಿಗೆ ಗೊತ್ತಾಗ್ತದಾ?”

ಮಗಳು ಬೊಳ್ಳಮ್ಮ ವಾಗೆನಿಂಗನ್‌ನಲ್ಲಿ ಓದುತ್ತಿದ್ದಳು; ಪಂದ್ಯಕ್ಕೆಂದು ಮನೆಗೆ ಬಂದಿದ್ದಳು. ಅದು ಅವಳ ಮೊದಲ ಪಂದ್ಯ. ಕೊಠಡಿಯ ಮೂಲೆಯಲ್ಲಿ ನಾನೂರು ಕಾಡತೂಸುಗಳು ಪೆಟ್ಟಿಗೆಗಳಲ್ಲಿ ಶಿಸ್ತಾಗಿ ನಿಂತಿದ್ದವು. ಯಂತ್ರದ ಹಣೆಗೆ ಕುಂಕುಮವಿತ್ತು.

ಡಬ್ಬಿಯನ್ನು ಪರೀಕ್ಷಿಸಿದೆ. ಖಾಲಿ ಕೇಸು ಇಟ್ಟರೆ ಕೂಗಿತು. ಇಮ್ಮಡಿ ಮದ್ದಿಟ್ಟರೂ ಕೂಗಿತು. ಐವತ್ತು ಸಲವೂ ತಪ್ಪಲಿಲ್ಲ. ‘ಬಳಕೆದಾರರ ದೋಷ’ ಎಂದು ಬರೆದು ಬಸ್ಸು ಹಿಡಿಯಬಹುದಿತ್ತು. ಆದರೆ ಯಾವ ದೋಷ ಎಂಬ ಕುತೂಹಲ ಬಿಡಲಿಲ್ಲ. “ನೀವು ದಿನಾ ಮಾಡೋ ಹಾಗೇ ಮಾಡಿ ಸರ್, ನಾನು ಸುಮ್ಮನೆ ಕೂತಿರ್ತೀನಿ,” ಎಂದೆ.

ಪೂವಯ್ಯನವರ ಕೆಲಸ ಪೂಜೆಯಂತಿತ್ತು. ಪ್ರತಿ ಇಪ್ಪತ್ತನೆಯ ಕೇಸನ್ನು, ಡಬ್ಬಿ ಒಪ್ಪಿದ ಮೇಲೂ, ಮೂರನೇ ಮನೆಯಿಂದ ಹೊರತೆಗೆದು, ಮದ್ದನ್ನು ತಕ್ಕಡಿಯ ತಟ್ಟೆಗೆ ಸುರಿದು ತೂಗುತ್ತಿದ್ದರು. ನಮ್ಮ ಡಬ್ಬಿಯ ಮೇಲೆ ಅಪನಂಬಿಕೆ ಅಲ್ಲ, “ಅದಕ್ಕೊಬ್ಬ ಸಾಕ್ಷಿ” ಅಷ್ಟೇ. ತೂಗಿ, ಮದ್ದು ಮರಳಿ ತುಂಬಿ, ಕೇಸನ್ನು ಅದೇ ಮನೆಯಲ್ಲಿಡುವರು.

ಅರವತ್ತನೆಯದು ತೂಗಿದಾಗ ಒಳಗಿನಿಂದ ಅವರ ಪತ್ನಿಯ ದನಿ: “ಕಾಫಿ ಆಯ್ತು! ಆರಿಸಿ ಕುಡಿಯೋದಾದ್ರೆ ಡಚ್ಚರ ಕಾಫಿನೇ ಕುಡೀರಿ.”

ಕೊಡಗಿನವರಿಗೆ ಇದಕ್ಕಿಂತ ದೊಡ್ಡ ಬೆದರಿಕೆಯಿಲ್ಲ. ಯಂತ್ರದ ಮನೆ ಬರಿದಾಗಿರಬಾರದೆಂದು ಪೂವಯ್ಯ ಖಾಲಿ ಕೇಸನ್ನು ಅದರ ಜಾಗಕ್ಕಿಟ್ಟು ಎದ್ದರು. ನಾನೂ ಎದ್ದೆ. ಕಾಫಿ ನಿಜಕ್ಕೂ ಚೆನ್ನಾಗಿತ್ತು. ಮರಳಿದವರು ತಟ್ಟೆಯಲ್ಲಿದ್ದ ಮದ್ದನ್ನು ಕಂಡು, ಅಚ್ಚುಕಟ್ಟಿನ ಮನುಷ್ಯ, ಯಂತ್ರದ ಮೇಲಿನ ಮದ್ದಿನ ಬುಡ್ಡಿಗೆ ಸುರಿದರು. ಕೇಸನ್ನು ಸರಿಸಿ, ಗುಂಡು ಕೂರಿಸಿ, ಹಿಡಿ ಎಳೆದರು. ಡಬ್ಬಿ ಮೌನವಾಗಿತ್ತು.

“ಸರ್, ಅದ್ರಲ್ಲಿ ಮದ್ದಿದೆಯಾ?”

“ಇಲ್ದೆ ಏನು? ಕೂಗ್ಲಿಲ್ಲವಲ್ಲ!”

ಬಿಚ್ಚಿದೆವು. ಇರಲಿಲ್ಲ. ಪೂವಯ್ಯ ಖಾಲಿ ಕೇಸನ್ನು ಅಂಗೈ ಮೇಲೆ ಬೋರಲು ಹಾಕಿ ಕುಟ್ಟಿ ನೋಡಿದರು.

ಡಬ್ಬಿ ಸುಳ್ಳು ಹೇಳಿರಲಿಲ್ಲ. ಅದು ನೋಡಿದಾಗ ಮದ್ದಿತ್ತು. ಸಾಕ್ಷಿ ಕೇಳಲು ಹೊರತೆಗೆದ ಮೇಲೆ ಯಾರೂ ಡಬ್ಬಿಯನ್ನು ಮತ್ತೆ ಕೇಳಿರಲಿಲ್ಲ.

“ಹಾಗಾದ್ರೆ ಕಾಡತೂಸುಗಳನ್ನೇ ತೂಗಿ ಮದ್ದಿಲ್ಲದ್ದು ಬೇರೆ ಮಾಡುವ,” ಎಂದರು. ಅದೂ ಆಗುವಂತಿರಲಿಲ್ಲ. ಮದ್ದಿನ ತೂಕ ಗ್ರಾಮಿನ ಮೂರನೇ ಒಂದು ಭಾಗ. ಹಿತ್ತಾಳೆ ಕೇಸುಗಳೇ ಒಂದಕ್ಕೊಂದು ಅಷ್ಟು ವ್ಯತ್ಯಾಸವಾಗುತ್ತಿದ್ದವು. ಎಲ್ಲವನ್ನೂ ಬಿಚ್ಚಬೇಕು ಎಂದೆ.

“ಒಂದು ಸಲ ಆಯ್ತು, ಹೌದು. ಪ್ರತಿ ಸಲ ಕಾಫಿ ಹೊತ್ತಿಗೆ ಇಪ್ಪತ್ತನೇದೇ ಬರ್ತದಾ? ನನ್ನ ಒಂದು ವಾರದ ಕೆಲಸ ಇದು!”

ಬೊಳ್ಳಮ್ಮ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಳು. “ಪಪ್ಪಾ, just open them,” ಎಂದಳು. “ಇಲ್ಲಾಂದ್ರೆ ಶನಿವಾರ ನೀವೇ ಹೊಡೀರಿ, ನಾನು ನೋಡ್ತೀನಿ.”

 ಪೂವಯ್ಯ ಕಾಡತೂಸು ಬಿಚ್ಚುವ ಸುತ್ತಿಗೆ ಎತ್ತಿಕೊಂಡು ಮೊದಲ ಪೆಟ್ಟಿಗೆಗೆ ಕೈಹಾಕಿದರು.

ತಪಾಸಣೆಗೆಂದು ಹೊರತೆಗೆದ ವಸ್ತು ಇನ್ನು ತಪಾಸಣೆಯಾದ ವಸ್ತುವಲ್ಲ: ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದರಲ್ಲಿ ಇದೇ ಹೆಚ್ಚು ಉಪಯೋಗಕ್ಕೆ ಬಂದದ್ದು. ಹೊರತೆಗೆದ ಕೇಸನ್ನು ಬರಿದುಮಾಡಿ ಎರಡನೇ ಮನೆಯಿಂದಲೇ ಮರಳಿ ಕಳಿಸಬೇಕು ಎಂಬ ಸಾಲನ್ನು ಕೈಪಿಡಿಗೆ ಸೇರಿಸಿದೆವು.

ಶುಕ್ರವಾರ ಸಂಜೆಯೊಳಗೆ ನಾನೂರನ್ನೂ ಬಿಚ್ಚಿ ಮುಗಿಸಿದೆವು. ಮೂರನೇ ಪೆಟ್ಟಿಗೆಯಲ್ಲಿ ಒಂದರೊಳಗೆ ಮದ್ದಿರಲಿಲ್ಲ.