ಮೇರಿಯಮ್ಮ ತಂದ ಚೀಟಿ

ಮೂಡಿಗೆರೆ ಕಡೆ ನಾನು ಮ್ಯಾನೇಜರಾಗಿದ್ದ ಎಸ್ಟೇಟಿನ ಮೇಸ್ತ್ರಿ ಚಿನ್ನಪ್ಪನನ್ನು ಕಾಡಾನೆ ತೋಟದೊಳಗೆ ಅಟ್ಟಿಸಿಕೊಂಡು ಹೋಗಿ ತುಳಿದು ಕೊಂದು ಎರಡು ತಿಂಗಳಾಗಿತ್ತು. ಅವನ ಹೆಂಡತಿ ಮೇರಿಯಮ್ಮ ಸಮಾಧಿಕಲ್ಲಿಗೆ ಕೆತ್ತಿಸಬೇಕಾದ ಬೈಬಲ್ ವಾಕ್ಯವನ್ನು ಚೀಟಿಯಲ್ಲಿ ಬರೆದು ತಂದಳು. "ತಪ್ಪಿದ್ರೆ ತಿದ್ದಿಕೊಡಿ ಸಾರ್, ನಾಳೆ ಕಲ್ಲು ಕೆತ್ತೋನು ಬರ್ತಾನೆ."

ಒಳಿತೂ ಕೃಪೆಯೂ ಬದುಕಿನುದ್ದಕ್ಕೂ ನನ್ನನ್ನು ಹಿಂಬಾಲಿಸುತ್ತವೆ ಎಂಬ ಕೀರ್ತನೆಯ ಸಾಲು ಅದು. ಕಾಗುಣಿತ ಸರಿಯಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾನು ಕಾನ್ವೆಂಟಿನಲ್ಲಿ ಓದಿದವನು. ಈ ಸಾಲಿನ ಹೀಬ್ರೂ ಪದಗಳನ್ನು ಅಲ್ಲಿನ ಪಾದ್ರಿಯೊಬ್ಬರು ಒಂದೊಂದಾಗಿ ಬಿಡಿಸಿ ಹೇಳಿದ್ದರು. ಸಡಿಲ ಅನುವಾದವೊಂದು ಕಲ್ಲಿನಲ್ಲಿ ಉಳಿಯುವುದೆಂದರೆ ನನಗಾಗದು.

"ಕೃಪೆ ಅಂತಿರೋದು ಮೂಲದಲ್ಲಿ ಹೆಸೆದ್. ಯಾವತ್ತೂ ಕೈಬಿಡದ ಪ್ರೀತಿ ಅಂತ ಅರ್ಥ."

"ಚೆನ್ನಾಗಿದೆ ಸಾರ್. ಅದನ್ನೇ ಹಾಕಿ."

"ಹಿಂಬಾಲಿಸೋದು ಅಂದ್ರೂ ಸಾಲದು. ಅಲ್ಲಿರೋದು ರಾದಫ್. ಶತ್ರು ಬೆನ್ನು ಬಿಡದೆ ಅಟ್ಟಿಸ್ಕೊಂಡು ಬರ್ತಾನಲ್ಲ, ಹಾಗೆ."

ಮಾತು ಮುಗಿಯುವಷ್ಟರಲ್ಲಿ ಏನು ಹೇಳಿದೆನೆಂದು ನನಗೇ ಹೊಳೆಯಿತು.

"ಅಟ್ಟಿಸ್ಕೊಂಡು ಬಂದಿದ್ದನ್ನ ಅವ್ರು ನೋಡಿಯಾಯ್ತು ಸಾರ್" ಎಂದಳು ಮೇರಿಯಮ್ಮ. "ಓಡಿ ಓಡಿ ಕಾಲು ಸೋತು ಬಿದ್ದಿದ್ರು. ದೇವರಾದ್ರೂ ಹಿಂದಿನಿಂದ ಮೆಲ್ಲಗೆ ನಡ್ಕೊಂಡು ಬರ್ಲಿ."

ಕೃಪೆಯನ್ನಷ್ಟೇ ತಿದ್ದಿ ಚೀಟಿ ಕೊಟ್ಟೆ. ರೈಟರ್ ಬರೆದ ಹಾಜರಿಯಲ್ಲಿ ಒಂದು ಅಕ್ಷರ ತಪ್ಪಿದರೂ ಹಾಳೆ ವಾಪಸ್ ಕಳಿಸುವ ಮನುಷ್ಯ ನಾನು. ಗೊತ್ತಿದ್ದೂ ತಿದ್ದದೆ ಬಿಟ್ಟಿದ್ದು ಅದೊಂದೇ ಪದ, ಅದೂ ಕಲ್ಲಿನ ಮೇಲೆ.